ಖಾಲಿ ಬಂದೀನ್ರಿ ಅಕ್ಕಾರ

ನಮ್ಮ ಓಣಿಯ ತಿರುವಿನಲ್ಲಿ ಒಂದು ಬೇವಿನ ಗಿಡವಿದೆ. ಫೋಟೋ ಸಾಬರು ಸೈಕಲ್ಲನ್ನು ಅದಕ್ಕೆ ಒರಗಿಸಿ, ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದುಕೊಂಡು ನಡೆದು ಬರುತ್ತಿದ್ದರು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದ ನನಗೆ ದೂರದಿಂದಲೇ ಕೇಳುವಂತೆ ಕೂಗುತ್ತಿದ್ದರು:

"ಖಾಲಿ ಬಂದೀನ್ರಿ ಅಕ್ಕಾರ, ಖಾಲಿ ಬಂದೀನಿ!"

ಖಾಲಿ ಅಂದರೆ ಕ್ಯಾಮೆರಾ ಇಲ್ಲದೆ. ರಾಯಚೂರಿನಲ್ಲಿ ಬೇರೆ ಫೋಟೋದವರೂ ಇದ್ದರು, ಆದರೆ ಹೆಣದ ಫೋಟೋಕ್ಕೆ ಎಲ್ಲರೂ ಕರೆಯುತ್ತಿದ್ದುದು ಇವರನ್ನೇ. ಹೀಗಾಗಿ ಆ ಮೂರು ಕಾಲಿನ ಸ್ಟ್ಯಾಂಡು ಸೈಕಲ್ಲಿಗೆ ಕಟ್ಟಿಕೊಂಡು ಅವರು ಯಾವ ಓಣಿಗೆ ಹೊಕ್ಕರೂ ಹೆಂಗಸರು ಹೊರಗೆ ಬಂದು "ಯಾರ ಮನಿಗಪ್ಪಾ?" ಎಂದು ಕೇಳುತ್ತಿದ್ದರು. ಎದುರಿಗೆ ಫೋಟೋ ಸಾಬರು, ಬೆನ್ನ ಹಿಂದೆ ಹೆಣದ ಫೋಟೋದವ. ಎರಡೂ ಹೆಸರು ಅವರಿಗೆ ಗೊತ್ತಿದ್ದವು. ಅದಕ್ಕೇ ಚಹಾ ಕುಡಿಯಲು ಬರುವಾಗಲೂ ಕೈ ತೋರಿಸಿಕೊಂಡು ಬರುತ್ತಿದ್ದರು, ಯಾರ ಎದೆಯೂ ಧಸಕ್ಕೆನ್ನದಿರಲಿ ಅಂತ.

ನಾನು ಅವರನ್ನು ಮೊದಲು ನೋಡಿದ್ದು ಅತ್ತೆ ತೀರಿಕೊಂಡ ದಿನ. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ತೆಗೆಸುತ್ತೇವೆ. ಆಗಿನ ಕಾಲಕ್ಕೆ ಎಷ್ಟೋ ಮಂದಿಗೆ ಇಡೀ ಜನ್ಮದಲ್ಲಿ ಇದ್ದದ್ದು ಆ ಫೋಟೋ ಒಂದೇ. ಅತ್ತೆಯ ತಲೆ ಮತ್ತೆ ಮತ್ತೆ ಒಂದು ಕಡೆ ವಾಲುತ್ತಿತ್ತು. ಅವರು ಕಪ್ಪು ಬಟ್ಟೆಯ ಒಳಗಿಂದ ಹೊರಗೆ ಬಂದು, ಅತ್ತೆಯ ಸೆರಗು ಸರಿಮಾಡಿ, ನನ್ನ ಕಡೆ ತಿರುಗಿ ಕೇಳಿದರು:

"ಅಮ್ಮಾರ ಚಾಳೀಸು ಎಲ್ಲದರಿ?"

"ಈಗ ಅದ್ಯಾಕ್ರಿ?"

"ಹಾಕ್ರಿ. ಮೂಗಿನ ಮ್ಯಾಲ ಗುರುತು ಬಿದ್ದದ, ದಿನಾ ಹಾಕ್ಕೊಂತಿದ್ದರಲ್ಲ. ಇಲ್ಲಂದ್ರ ಫೋಟೋದಾಗ ಬ್ಯಾರೆ ಯಾರೋ ಆಗ್ತಾರ."

ಅತ್ತೆಯ ಹೆಣದ ಕಣ್ಣಿಗೆ ಚಾಳೀಸು, ಅವರ ಕನ್ನಡಕ, ಬಂತು. ನಾವೆಲ್ಲ ಬಿಕ್ಕುತ್ತ, ಮೂಗು ಒರೆಸುತ್ತ ಕೂತಿದ್ದೆವು. ಅವರದು ಹಳೆಯ ಕಟ್ಟಿಗೆ ಕ್ಯಾಮೆರಾ, ಅದರ ಮುಂದೆ ಸ್ವಲ್ಪ ಹೊತ್ತು ಕಲ್ಲಿನ ಹಾಗೆ ಇರಬೇಕು. ಕೊನೆಗೆ ಅವರು ಬೇಸತ್ತು, "ನೋಡ್ರಿ, ಅಮ್ಮಾರು ಒಬ್ಬರೇ ನಾ ಹೇಳಿದಂಗ ಕುಂತಾರ. ನೀವೆಲ್ಲಾ ಅಲಗಾಡಾಕತ್ತೀರಿ" ಅಂದರು. ಅಳುತ್ತಿದ್ದ ನಮ್ಮ ನಾದಿನಿ ಫಕ್ಕನೆ ನಕ್ಕುಬಿಟ್ಟಳು. ಆ ಫೋಟೋದಲ್ಲಿ ಅವಳ ಮುಖ ಮಸುಕಾಗಿದೆ. ಅತ್ತೆಯ ಮುಖ ಮಾತ್ರ ನಿಚ್ಚಳ.

ಹದಿಮೂರನೇ ದಿನಕ್ಕೆ ಫೋಟೋ ಕೊಡಲು ಬಂದವರು ನಮ್ಮ ಮನೆಯವರ ಜೊತೆ ಮಾತಿಗೆ ಕೂತರು. ಅವತ್ತಿನಿಂದ ರವಿವಾರದ ಚಹಾ ನಮ್ಮಲ್ಲಿ ಕಾಯಂ ಆಯಿತು. ಬಸಿಯಲ್ಲಿ ಸುರುವಿಕೊಂಡು ಸುರ್‍ರೆಂದು ಕುಡಿಯುತ್ತಿದ್ದರು. ಔಷಧದ ನೀರಿನಲ್ಲಿ ಫೋಟೋ ತೊಳೆದು ತೊಳೆದು ಅವರ ಉಗುರು ಕಪ್ಪಾಗಿದ್ದವು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ನಗಬ್ಯಾಡ್ರಿ, ಸರಕಾರಕ್ಕ ನಗೂದು ಸೇರಂಗಿಲ್ಲ." ಒಮ್ಮೆ ನನ್ನ ಮಗಳ ಕೂಸಿನ ತೊಟ್ಟಿಲಿನ ದಿನ ಬಾಗಿಲ ಹೊರಗೇ ನಿಂತು, "ತೊಟ್ಟಿಲದ ಫೋಟೋ ಒಂದು ತೆಗೀಬೇಕಂತ ಭಾಳ ಆಸಿ ಅದ ಅಕ್ಕಾರ. ಆದ್ರ ನಾ ಬಂದೆನಂದ್ರ ತೊಟ್ಟಿಲಾನೇ ಬಿಚ್ಚಿ ಒಳಗ ಇಡ್ತಾರ ಮಂದಿ" ಅಂದು ನಕ್ಕರು. ನಾನು ಕರೆಯಬೇಕೆಂದು ಬಾಯಿ ತೆರೆಯುವುದರೊಳಗೆ ಬೇವಿನ ಗಿಡದ ತನಕ ಹೋಗಿದ್ದರು.

ಯಾರೂ ಸಾಯದ ದಿನ ಅವರಿಗೆ ಇನ್ನೊಂದು ಹುಚ್ಚು. ಕ್ಯಾಮೆರಾ ಕಟ್ಟಿಕೊಂಡು ಬಸ್ಸು ಹತ್ತಿ, ಮುಚ್ಚಿ ಹಾಳುಬಿದ್ದ ಗಿರಣಿಗಳ, ಗೋದಾಮುಗಳ ಫೋಟೋ ತೆಗೆಯಲು ಹೋಗುತ್ತಿದ್ದರು. ದೇವದುರ್ಗದ ಆಚೆ, ಬಿಳಿಯರ ಕಾಲದಲ್ಲಿ ಬಂಗಾರ ತೆಗೆದು ಬಿಟ್ಟುಹೋದ ಒಂದು ಗಣಿ ಇತ್ತು. ಇಂಜಿನ್ ಮನೆಯ ಮೂರು ಗೋಡೆ, ಕಲ್ಲಿನ ಒಂದು ಚಿಮಣಿ, ಬಾಯಿ ತೆರೆದುಕೊಂಡ ಒಂದು ಗುಂಡಿ, ಸುತ್ತ ಜಾಲಿ. ಅಲ್ಲಿ ಹೋದವರು ಫೋಟೋ ತೆಗೆಯುವ ಮೊದಲು ಹೊಸ್ತಿಲು ಗುಡಿಸಿ ನೀರು ಚಿಮುಕಿಸಿದರಂತೆ. ಕುರಿ ಕಾಯುವವನೊಬ್ಬ ನೋಡಿ, "ಸಾಬ್ರ, ಒಳಗ ಯಾರೂ ಇಲ್ಲರೀ" ಅಂದನಂತೆ.

"ಅದಕ್ಕೇ ಅಲ್ಲೇನ್ರಿ ಅಕ್ಕಾರ" ಅಂದರು ಅವರು ನನಗೆ. "ಎಷ್ಟು ಮಂದಿ ಉಂಡ ಮನಿ ಅದು. ಒಬ್ಬರೂ ಹಿಂದ ಉಳಿದಿಲ್ಲ. ಅದರದ ಒಂದು ಫೋಟೋ ಯಾರು ತೆಗಿಸಬೇಕು?"

ಮಾನವಿಯಲ್ಲಿ ಒಂದು ಎಣ್ಣೆ ಮಿಲ್ಲು ಮುಚ್ಚಿತ್ತು. ಅದರ ವಾಚಮನ್‌ಗೆ ಪಗಾರ ನಿಂತು ವರ್ಷಗಳೇ ಆಗಿದ್ದವು, ಆದರೂ ದಿನಾ ಬಂದು ಗೇಟಿನ ಮುಂದೆ ಕೂಡುತ್ತಿದ್ದ. ಇವರನ್ನು ಒಳಗೆ ಬಿಟ್ಟು, ಆಮೇಲೆ ಮೆಲ್ಲಗೆ, "ನನ್ನದೂ ಒಂದು ತೆಗೀರಿ, ಮಿಲ್ಲು ಹಿಂದ ಬರೂ ಹಂಗ" ಅಂದನಂತೆ. ಆ ಒಂದು ಫೋಟೋ ಕೊಡಲು ಇವರು ಮತ್ತೆ ಮಾನವಿಗೆ ಹೋಗಿ ಬಂದರು. ಬಂದವರ ಮುಖ ಸಪ್ಪಗಿತ್ತು. ವಾಚಮನ್ ಫೋಟೋ ಇಸಿದುಕೊಂಡು, ಬಹಳ ಹೊತ್ತು ನೋಡಿ, "ಮಿಲ್ಲು ಚೊಲೋ ಬಂದದ. ಇದರಾಗ ನಾ ಯಾಕ ಹಿಂಗ ಅದೀನಿ?" ಎಂದು ಕೇಳಿದ್ದನಂತೆ.

ಇದನ್ನೆಲ್ಲ ಕೇಳಿ ನಮ್ಮ ಮನೆಯವರು ನಗುತ್ತಿದ್ದರು. ಅವರು ಸ್ಟೇಷನ್ನಿನ ಆಚೆಗಿನ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಯಲ್ಲಿ, ಫಿಟರ್ ಆಗಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ದಿನ ಬೆಳಿಗ್ಗೆ ಆ ಜಿನ್ನಿಗೂ ಬೀಗ ಬಿತ್ತು. ಸಾವುಕಾರರು, "ಸ್ವಲ್ಪ ದಿನ ತಡೀರಿ" ಅಂದರು. ನಮ್ಮವರು ತಡೆದರು. ಕೆಲಸಕ್ಕೆ ಕರೆಯುವ ಗಿರಣಿಯ ಭೋಂಗಾ ಕೂಗುವುದು ನಿಂತರೂ ಅದು ಕೂಗುವ ಹೊತ್ತಿಗೆ ಸರಿಯಾಗಿ ಎದ್ದು, ಖಾಕಿ ಅಂಗಿ ಹಾಕಿಕೊಂಡು, ರೊಟ್ಟಿಯ ಡಬ್ಬಿ ಹಿಡಿದು ಹೊರಡುತ್ತಿದ್ದರು. ಗೇಟಿನ ಮುಂದೆ ಎಲ್ಲರೂ ಕೂತು, ಮಧ್ಯಾಹ್ನ ಡಬ್ಬಿ ಬಿಚ್ಚಿ ಉಂಡು, ಸಂಜೆಗೆ ತಿರುಗಿ ಬರುತ್ತಿದ್ದರು. ನಾನು ಸಾಲಿಗೆ ಕಲಿಸಲು ಹೋಗುತ್ತಿದ್ದೆನಾದ್ದರಿಂದ ಒಲೆ ಹೊತ್ತುತ್ತಿತ್ತು. ಆದರೆ ದಿನಾ ಸಂಜೆ ನಾನು ತೊಳೆಯುತ್ತಿದ್ದ ಆ ಡಬ್ಬಿಗೆ ಎಣ್ಣೆಯ, ಹತ್ತಿಯ ವಾಸನೆ ಹೋಗಿ ಬರೀ ರೊಟ್ಟಿಯ ವಾಸನೆ ಉಳಿದದ್ದು ನನಗಷ್ಟೇ ಗೊತ್ತಾಗುತ್ತಿತ್ತು. "ಮನ್ಯಾಗ ಇರ್ರಲ್ಲ" ಅಂದರೆ, "ಇಂಜಿನ್ನಿಗೆ ಯಾರು ಅದಾರ? ಕಿಟಿಕ್ಯಾಗಿಂದರ ನೋಡಬೇಕಲ್ಲ" ಅನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಸಾಬರು ಅಲ್ಲಿಗೆ ಕ್ಯಾಮೆರಾ ತಂದರು. ಗೇಟಿನ ಎದುರು ಮೂರು ಕಾಲು ಊರಿ, ಕಪ್ಪು ಬಟ್ಟೆ ತೆಗೆದರು. ಕೂತವರೆಲ್ಲ ಎದ್ದು ನಿಂತರು. ಮುಂದಿನದನ್ನು ನಮ್ಮವರೇ ಅವತ್ತು ಸಂಜೆ ನನಗೆ ಹೇಳಿದ್ದು. ಮೊದಲು ಒಬ್ಬ, "ಏ, ಯಾರು ಕರದ್ರು ನಿನ್ನ?" ಅಂದ. ಇನ್ನೊಬ್ಬ, "ಹೆಣಾ ಎಲ್ಲದಲೇ ಇಲ್ಲಿ?" ಅಂದ. ಸ್ಟ್ಯಾಂಡು ಎಳೆದಾಡಿದರು, ಅದರ ಒಂದು ಕಾಲು ಮುರಿಯಿತು. ನಮ್ಮವರು ಅಡ್ಡ ಬಂದು ಜಗಳ ಬಿಡಿಸಿದರು, ಆದರೆ ಫೋಟೋ ತೆಗೆಯಲು ಬಿಡಲಿಲ್ಲ. ಗೆಳೆಯನ ಎದೆಗೆ ಕೈ ಇಟ್ಟು ಹಿಂದೆ ಸರಿಸಿ ಹೇಳಿದರಂತೆ:

"ಬ್ಯಾಡೋ ಸಾಬ. ಇನ್ನಾ ಜೀವ ಅದ. ನೀ ತೆಗೀಬ್ಯಾಡ."

ಮುಂದಿನ ರವಿವಾರ ಅವರು ಬರಲಾರರು ಅಂದುಕೊಂಡಿದ್ದೆ. ಬೇವಿನ ಗಿಡದ ಹತ್ತಿರ ಅದೇ ಅಂಗೈ, ಅದೇ ಕೂಗು. ನಮ್ಮವರು ಗೇಟಿನ ಕಡೆ ಹೋಗಿದ್ದರು. ಚಹಾ ಕೊಟ್ಟು, "ಯಾಕ ಹೋಗಿದ್ರಿ ಅಲ್ಲಿಗೆ? ನಿಮಗ ಗೊತ್ತಾಗಬಾರದ?" ಅಂದೆ.

ಬಸಿ ಕೆಳಗಿಟ್ಟರು. "ಕ್ಯಾ ಕರನಾ ಅಕ್ಕಾರ. ಜನ್ಮ ಪೂರಾ ಸತ್ತ ಮ್ಯಾಲ ಕರಿಸಿಕೊಂಡೀನಿ. ಗಣಿಗೆ ಹೋದ್ರೂ ಸತ್ತ ಮ್ಯಾಲ, ಮಾನವಿಗೆ ಹೋದ್ರೂ ಸತ್ತ ಮ್ಯಾಲ. ಒಮ್ಮೆರ ಮೊದಲ ಹೋಗಬೇಕಂತ ಹೋಗಿದ್ದೆ." ಇನ್ನೂ ಏನೋ ಹೇಳಲು ಹೊರಟವರು, ಸ್ಟ್ಯಾಂಡಿನ ಕಾಲಿಗೆ ಸೈಕಲ್ಲಿನ ಟ್ಯೂಬು ಸುತ್ತಿ ಕಟ್ಟಿದ್ದೇನೆ, ನಿಲ್ಲುತ್ತದೆ ಅಂತ ಬೇರೆ ಮಾತಿಗೆ ಹೋದರು.

ವರ್ಷ ಕಳೆದ ಮೇಲೆ ಗೇಟಿನ ಮುಂದೆ ಒಂದು ಸುದ್ದಿ ಹಬ್ಬಿತು. ಆದೋನಿಯ ಕಡೆಯಿಂದ ಹೊಸ ಸಾವುಕಾರ ಬರುತ್ತಾನೆ, ಜಿನ್ನು ನೋಡುತ್ತಾನೆ, ಮನಸ್ಸಿಗೆ ಬಂದರೆ ನಡೆಸುತ್ತಾನೆ. ನಮ್ಮ ಮನೆಯಲ್ಲಿ ಅವತ್ತು ಗೋಧಿ ಹುಗ್ಗಿ ಮಾಡಿದೆ. ಕೀಲಿ ಇಸಿದುಕೊಂಡು ಕೆಲಸಗಾರರೆಲ್ಲ ಒಳಗೆ ಹೊಕ್ಕರು. ಹೆಣ್ಣು ನೋಡಲು ಬರುವ ಮನೆಯ ಹಾಗೆ ಕಸ ಬಳಿದರು, ಬೆಲ್ಟು ಒರೆಸಿದರು, ಇಂಜಿನ್ನಿನ ಹಿತ್ತಾಳೆ ತಿಕ್ಕಿದರು. ನಮ್ಮವರು ತಾವೇ ಡ್ರಮ್ಮಿನಲ್ಲಿ ಸುಣ್ಣ ಕುದಿಸಿ, ಮುಂದಿನ ಗೋಡೆ, ಹಿಂದಿನ ಗೋಡೆ, ಬಹಳ ವರ್ಷದಿಂದ ಬೀಗ ಹಾಕಿದ್ದ ಹಿಂಭಾಗದ ಪಡಸಾಲೆ, ಯಾವುದನ್ನೂ ಬಿಡದೆ ಸುಣ್ಣ ಬಳಿದರು. ಕೈ ಸುಟ್ಟು ಬೊಬ್ಬೆ ಬಂದಿದ್ದವು. ನಾನು ಕೊಬ್ಬರಿ ಎಣ್ಣೆ ಹಚ್ಚುವಾಗ ಅವರು ನಗುತ್ತಿದ್ದರು.

ಹೊಸ ಸಾವುಕಾರ ಬಂದ. ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಇಂಜಿನ್ನಿನ ಸುತ್ತ ತಿರುಗಿ, ಕೈಯಿಂದ ತಟ್ಟಿ, "ಇಷ್ಟು ಭಾರದ್ದು ಲಾರಿಗೆ ಹೆಂಗ ಏರಸ್ತೀರಿ?" ಎಂದು ಕೇಳಿದ. ಅವನು ಹಳೆ ಕಬ್ಬಿಣದ ವ್ಯಾಪಾರಿ.

ಸಾಬರು ಆ ವಾರ ಬಂದಾಗ ನಾನೇ ಸುಣ್ಣದ ಕಥೆ ಹೇಳಿದೆ. ಅವರ ಬಸಿ ಅರ್ಧಕ್ಕೆ ನಿಂತಿತು. "ಹಿಂದಿನ ಪಡಸಾಲಿಗೂ ಹಚ್ಯಾರೇನ್ರಿ?"

"ಎಲ್ಲಾ ಕಡಿ."

ಅವತ್ತು ಹೇಳಿದರು. ಅವರ ತಾಯಿ ಅದೇ ಜಿನ್ನಿನಲ್ಲಿ ಹತ್ತಿ ಆರಿಸುತ್ತಿದ್ದಳು. ಇವರು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯುವ ವಯಸ್ಸಿಗೆ, ಹತ್ತಿಯ ಎಳೆ ಎದೆಯಲ್ಲಿ ಕೂತು ಕೆಮ್ಮಿ ಕೆಮ್ಮಿ ಸತ್ತಳು. ಫೋಟೋ ಅನ್ನುವುದೇ ಇಲ್ಲ. ಮಧ್ಯಾಹ್ನ ಹೆಂಗಸರು ಆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಉಣ್ಣುತ್ತಿದ್ದರು. ಅವರವರ ಜಾಗ ಅವರವರಿಗೆ. ವರ್ಷಗಟ್ಟಲೆ ತಲೆ ತಾಗಿ ತಾಗಿ ಗೋಡೆಯಲ್ಲಿ ಕೊಬ್ಬರಿ ಎಣ್ಣೆಯ ಕಲೆಗಳ ಸಾಲು ಬಿದ್ದಿತ್ತು. ತಾಯಿ ಸತ್ತ ಮೇಲೆ ಹೆಂಗಸರನ್ನು ಹೊಸ ಶೆಡ್ಡಿಗೆ ಹಾಕಿ ಪಡಸಾಲೆಗೆ ಬೀಗ ಹಾಕಿದರು, ಕಲೆಗಳು ಹಾಗೇ ಉಳಿದವು.

"ಬಾಗಿಲದಿಂದ ಮೂರನೇದು ನಮ್ಮ ಅಮ್ಮೀದು. ಊರ ಮಂದಿ ತಾಯಂದಿರ ಫೋಟೋ ಎಲ್ಲಾ ತೆಗದೀನಿ ನಾ. ನನಗ ಅದೊಂದ ಬೇಕಾಗಿತ್ತು."

"ಅವತ್ತ ಗೇಟಿನ ಮುಂದ ಹೇಳಬಾರದಿತ್ತ?"

"ಏನಂತ ಹೇಳ್ಲಿ? ಎಣ್ಣಿ ಕಲಿ ನಮ್ಮವ್ವ ಅಂತ ಹೇಳ್ಲಾ? ನಕ್ಕಿದ್ರ ಆಮ್ಯಾಲ ನಾ ಎಲ್ಲಿಗೆ ಹೋಗ್ಬೇಕಿತ್ತು?" ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. "ಎಣ್ಣಿ ಅಲ್ಲೇನ್ರಿ, ಎರಡು ಬ್ಯಾಸಗಿ ಹೋದ್ರ ಸುಣ್ಣದ ಮ್ಯಾಲ ತಿರುಗಿ ಬರ್ತದ. ನಿಮ್ಮವರಿಗೆ ಹೇಳಬ್ಯಾಡ್ರಿ, ಸುಮ್ಕ ನೊಂದ್ಕೊಂತಾರ."

ನಾನು ಹೇಳಿದೆ. ಹೇಳದೆ ಇರಲು ಆಗಲಿಲ್ಲ. ನಮ್ಮವರು ಉಣ್ಣುತ್ತ ಕೂತಿದ್ದರು. ಎದುರಿಗಿದ್ದ ರೊಟ್ಟಿ ಮಡಚಿ ಮತ್ತೆ ಬುಟ್ಟಿಗೆ ಇಟ್ಟರು. ಸುಣ್ಣ ಬಳಿದ ತಮ್ಮ ಅಂಗೈ ಹಿಂದೆ ಮುಂದೆ ಮಾಡಿ ನೋಡಿಕೊಂಡು ಎದ್ದು ಹೋದರು.

ಎರಡನೇ ಬೇಸಿಗೆ ಮುಗಿಯುವ ಮೊದಲೇ ಲಾರಿಗಳು ಬಂದವು. ತಗಡು ಇಳಿಯಿತು, ಬಾಗಿಲು ಚೌಕಟ್ಟಿನ ಸಮೇತ ಹೋಯಿತು. ನಾಳೆ ಇಂಜಿನ್ನು ಬಿಚ್ಚುತ್ತಾರೆ ಅಂದ ದಿನ ನಮ್ಮವರು ಖಾಕಿ ಅಂಗಿ ಹಾಕಲಿಲ್ಲ. ಬಿಳೀ ಅಂಗಿ ಹಾಕಿಕೊಂಡು, ಸತ್ತವರ ಮನೆಯಿಂದ ಕರೆಯಲು ಹೋಗುವವರ ಹಾಗೆ ಬರಿಗಾಲಿನಲ್ಲಿ ಸಾಬರ ಅಂಗಡಿಗೆ ಹೋದರು. ನಾನು ಹಿಂದೆ ನಡೆದೆ. ಮೆಟ್ಟಿಲ ಕೆಳಗೆ ನಿಂತು ಅವರು ಹೇಳಿದ್ದು ಇಷ್ಟೇ:

"ಬಾ ಸಾಬ. ಇವತ್ತ ಖಾಲಿ ಬರಬ್ಯಾಡ."

ಕೆಲಸಗಾರರೆಲ್ಲ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದರು. ಇಂಜಿನ್ನಿಗೆ ಯಾರೋ ಒಂದು ಮಾಲೆ ಹಾಕಿದ್ದರು. ಅದರ ಎಡಕ್ಕೆ ಬಲಕ್ಕೆ ನಿಂತರು, ಕೆಲವರು ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಒಬ್ಬ ದೊಡ್ಡ ಗಂಡಸು ಹೆಗಲು ಕುಲುಕಿಸುತ್ತ ಅಳುತ್ತಿದ್ದ. ಅವತ್ತು ಸ್ಟ್ಯಾಂಡಿನ ಕಾಲು ಮುರಿದವನೇ ಅವನು. ಕಪ್ಪು ಬಟ್ಟೆಯ ಒಳಗಿಂದ ಸಾಬರ ದನಿ ಬಂತು: "ಇಂಜಿನ್ ಒಂದೇ ನಾ ಹೇಳಿದಂಗ ನಿಂತದ. ನೀವೆಲ್ಲಾ ಅಲಗಾಡಾಕತ್ತೀರಿ." ಯಾರೂ ನಗಲಿಲ್ಲ. ಆದರೆ ಎಲ್ಲರೂ ನಿಶ್ಚಲವಾಗಿ ನಿಂತರು.

ಆಮೇಲೆ ನಮ್ಮವರು ಅವರ ತೋಳು ಹಿಡಿದು ಪಡಸಾಲೆಗೆ ಕರೆದುಕೊಂಡು ಹೋದರು. ಎಣ್ಣೆ ನಿಜಕ್ಕೂ ಮೇಲೆ ಬಂದಿತ್ತು. ಬಿಳಿಯ ಗೋಡೆಯ ಉದ್ದಕ್ಕೂ ಹಳದಿಯ ಮಸುಕು ದುಂಡು ಕಲೆಗಳು, ಒಂದರ ಪಕ್ಕ ಒಂದು. ಆದರೆ ಬಾಗಿಲು ಕೀಳುವಾಗ ಆ ಬದಿಯ ಗೋಡೆಯೂ ಅಷ್ಟು ಉದ್ದ ಬಿದ್ದುಹೋಗಿತ್ತು. ಮೂರನೆಯದು ಅಂತ ಎಣಿಸಲು ಶುರುವೇ ಇರಲಿಲ್ಲ. ಬಿದ್ದ ಮಣ್ಣಿನಲ್ಲಿ ಹೋಯಿತೋ, ಉಳಿದ ಗೋಡೆಯಲ್ಲಿದೆಯೋ.

ಸಾಬರು ಗೋಡೆಯ ಮುಂದೆ ಆ ತುದಿಯಿಂದ ಈ ತುದಿಗೆ ನಡೆದರು. "ಎತ್ತರಕ್ಕಿದ್ದಳು ನಮ್ಮ ಅಮ್ಮೀ" ಅನ್ನುತ್ತ ಎತ್ತರದ ಕಲೆಗಳನ್ನೇ ಮುಟ್ಟಿ ನೋಡುತ್ತಿದ್ದರು. ಆಗ, ಇಂಜಿನ್ ನೋಡಲು ಬಂದಿದ್ದ ಈರಮ್ಮ ಅನ್ನುವ ಮುದುಕಿ, ಹಿಂದೆ ಅಲ್ಲೇ ಹತ್ತಿ ಆರಿಸುತ್ತಿದ್ದವಳು, ಕೋಲು ಊರಿಕೊಂಡು ಹತ್ತಿರ ಬಂದಳು.

"ಯಾರಿಗ ಹುಡಕಾಕತ್ತೀಯೋ? ನಿಮ್ಮವ್ವನ್ನೇನು?"

"ಹೌ ಯವ್ವಾ."

"ಹುಚ್ಚ ಸಾಬ! ಆಕಿ ಎಲ್ಲಿ ಎತ್ತರಕ್ಕಿದ್ದಳೋ? ನನ್ನ ಹೆಗಲಿಗೆ ಬರ್ತಿದ್ದಳು. ಗಿಡ್ಡಿ, ಗಿಡ್ಡಿ ಅಂತ ಕಾಡಿ ಅಳಸ್ತಿದ್ದೆವು." ಕೋಲೆತ್ತಿ ತೋರಿಸಿದಳು. ಎಲ್ಲ ಕಲೆಗಳ ಸಾಲಿಗಿಂತ ಒಂದು ಗೇಣು ಕೆಳಗೆ, ಒಂಟಿಯಾಗಿ, ಸಣ್ಣದೊಂದು ಕಲೆ. "ಅದ ನೋಡು."

"ಗಿಡ್ಡಕ್ಕಿದ್ದಳಾ?" ಎಂದು ಕೇಳಿದರು ಸಾಬರು. ತಲೆ ನೆರೆತ ಆ ಮನುಷ್ಯ ಹಾಗೆ ಕೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ನೆಲದ ಮೇಲಿಂದ ಮುಖ ಎತ್ತಿ ನೋಡುವ ಕೂಸಿಗೆ ಯಾವ ತಾಯಿ ಗಿಡ್ಡ ಕಾಣುತ್ತಾಳೆ? ಅವರು ಸ್ಟ್ಯಾಂಡಿನ ಕಾಲುಗಳನ್ನು ತಗ್ಗಿಸಿದರು. ಮುರಿದ ಕಾಲು ನಿಲ್ಲಲಿಲ್ಲ. ನಮ್ಮವರು ನೆಲದ ಮೇಲೆ ಕೂತು, ಎರಡೂ ಕೈಯಿಂದ ಆ ಕಾಲನ್ನು ಅಲುಗದ ಹಾಗೆ ಹಿಡಿದರು.

ನಮ್ಮವರು ಮತ್ತೆ ಯಾವ ಗಿರಣಿಗೂ ಹೋಗಲಿಲ್ಲ. ಹತ್ತಿ ಬಜಾರಿನಲ್ಲಿ ಕಾವಲಿಗೆ ನಿಂತರು. ಸಾಬರ ಅಂಗಡಿಗೂ ಮಂದಿ ಕಡಿಮೆಯಾದರು. ಕಲರ್ ಫೋಟೋ ಬಂದಿತ್ತು, ಸತ್ತವರೂ ಕಲರ್ ಕೇಳುತ್ತಿದ್ದರು. ಅಂಗಡಿ ಬಿಟ್ಟು ಮನೆಯಲ್ಲೇ ಕೂತರು. ಆ ಕಲೆಯ ಫೋಟೋಕ್ಕೆ ಕಟ್ಟು ಹಾಕಿಸಿ, ಗೋಡೆಯ ಮೇಲೆ ನೆಲದಿಂದ ಸ್ವಲ್ಪವೇ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದರು. ನೋಡಿದವರು, "ಇದೇನ್ರಿ, ನೀರು ಬಸಿದದ್ದರ ಫೋಟೋ?" ಅನ್ನುತ್ತಿದ್ದರು. ಅವರು ಅದರ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು.

ಹೋದ ತಿಂಗಳು ತೀರಿಕೊಂಡರು. ಅವರಲ್ಲಿ ಹೆಣದ ಫೋಟೋ ತೆಗೆಯುವ ಪದ್ಧತಿ ಇಲ್ಲ. ತಾವು ಜೀವಂತ ಇದ್ದಾಗ ಯಾರ ಮುಂದೆಯೂ ಕೂತು ತೆಗೆಸಿಕೊಂಡವರೂ ಅಲ್ಲ. ಅವರ ಹೆಂಡತಿ ಮಾನವಿಗೆ ಮಗಳ ಮನೆಗೆ ಹೊರಟಿದ್ದಳು, ಬಾಡಿಗೆ ಮನೆ ಖಾಲಿ ಮಾಡಿ. ಹೊರಡುವ ದಿನ ಬೆಳಿಗ್ಗೆ ನಾನು ಮಾತಾಡಿಸಲು ಹೋದಾಗ ಆ ಕಟ್ಟು ಅವಳ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಸೇರಿತ್ತು. ಗೋಡೆಯ ಮೇಲೆ ಮೊಳೆಯೊಂದೇ. ಮೊಳೆಯ ಪಕ್ಕದಲ್ಲಿ, ಕೂತ ಮನುಷ್ಯನ ತಲೆಯ ಎತ್ತರಕ್ಕೆ, ಎಣ್ಣೆಯ ಒಂದು ದುಂಡು ಕಲೆ.

ಅಂಗಳದಲ್ಲಿ ಮನೆ ಮಾಲೀಕನ ಆಳು ಡ್ರಮ್ಮಿನಲ್ಲಿ ಸುಣ್ಣ ಕದಡುತ್ತಿದ್ದ. "ಆ ಗೋಡಿಗೆ ಎಲ್ಲಾದಕ್ಕಿಂತ ಕಡೀಗೆ ಹಚ್ಚಪ್ಪಾ" ಎಂದು ಕೈ ಮುಗಿದು, ಮನೆಗೆ ಓಡಿ ಬಂದು ನಮ್ಮವರಿಗೆ ಹೇಳಿದೆ. ಅವರು ಚಪ್ಪಲಿಯನ್ನೂ ಹಾಕಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಕಲರ್ ಸ್ಟುಡಿಯೋದವನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. "ಯಾರು ತೀರಿಕೊಂಡಾರ್‍ರಿ?" ಎಂದು ಅವನು ದಾರಿಯುದ್ದಕ್ಕೂ ಕೇಳುತ್ತಿದ್ದನಂತೆ.

ನಾವು ಒಳಗೆ ಹೋಗುವಷ್ಟರಲ್ಲಿ ಮಾಲೀಕ ಬಂದು ಅವಸರ ಮಾಡಿದ್ದ. ಆ ಗೋಡೆಗೆ ಆಗಲೇ ಒಂದು ಕೈ ಸುಣ್ಣ ಬಿದ್ದಿತ್ತು. ನಾನು ಬಾಗಿಲಲ್ಲೇ ನಿಂತೆ. ನಮ್ಮವರು ಮಾತ್ರ ಗೋಡೆಯ ಹತ್ತಿರ ಹೋಗಿ ಬಗ್ಗಿದರು. ಸುಣ್ಣ ಬಳಿದ ಕೈಯಲ್ಲವೇ, ಅವರಿಗೆ ಗೊತ್ತು. ಹಸಿ ಸುಣ್ಣ ನೀರಿನ ಹಾಗೆ, ಒಣಗಿದ ಮೇಲೇ ಅದು ಬೆಳ್ಳಗಾಗುವುದು. ಒದ್ದೆಯ ಒಳಗೆ ಆ ದುಂಡು ಇನ್ನೂ ಕಾಣುತ್ತಿತ್ತು. ಅಂಚು ಆಗಲೇ ಬೆಳ್ಳಗಾಗುತ್ತಿತ್ತು.

"ಇಲ್ಲಿ ಏನ್ ತೆಗೀಬೇಕ್ರಿ? ಬರೇ ಗೋಡಿ ಅದ" ಅಂದ ಸ್ಟುಡಿಯೋದವನು.

ನಮ್ಮವರು ಅವನ ಹೆಗಲು ಹಿಡಿದು ನೆಲಕ್ಕೆ ಕೂರಿಸಿ, ಬೆರಳು ಮಾಡಿ ತೋರಿಸಿದರು.

"ಇಲ್ಲಿ. ಲಗೂ ತೆಗಿಯಪ್ಪಾ, ಲಗೂ ತೆಗಿ. ಇನ್ನಾ ಜೀವ ಅದ."